ಸುಂಕದವನ ಮುಂದೆ ವೀಣೆಯ ಸುಖದುಃಖ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬುದು ನಮ್ಮ ಹಳೆಯ ಗಾದೆ. ಅಜ್ಜಿಯ ಕಾಲದ ವೀಣೆಯನ್ನೋ ಅಜ್ಜನ ಪಿಟೀಲಿನ ಕಮಾನನ್ನೋ ಕಾಪಾಡಿಕೊಂಡು ಬಂದ ಹೊರನಾಡ ಕನ್ನಡಿಗರಿಗೆ, ಪರದೇಶದಲ್ಲಿ ನೆಲೆಸಿದ ಮಗಳು ಅದನ್ನು ಬೇಡಿದ ದಿನ ಈ ಗಾದೆಯ ಅರ್ಥ ಮನದಟ್ಟಾಗುತ್ತದೆ. ಮನೆಯವರು ಹೇಳುವುದು ನೆನಪಿನ ಮಾತು. ಅಧಿಕಾರಿ ಕೇಳುವುದು ಮೂರೇ ಪ್ರಶ್ನೆ: ಇದೇನು, ಇದರ ವಯಸ್ಸೆಷ್ಟು, ಇದನ್ನು ಯಾವುದರಿಂದ ಮಾಡಿದೆ?

ಸುಂಕದ ಪಟ್ಟಿಯಲ್ಲಿ ವಾದ್ಯಗಳಿಗೆ 92ನೆಯ ಅಧ್ಯಾಯ ಮೀಸಲು. ಪಿಟೀಲಿನ ಜೊತೆಯಲ್ಲೇ ಬಂದ ಕಮಾನು ಪಿಟೀಲಿನ ಶೀರ್ಷಿಕೆಯಾದ 9202ಕ್ಕೇ ಸೇರುತ್ತದೆ; ಒಂಟಿಯಾಗಿ ಬಂದರೆ ಬಿಡಿಭಾಗ ಹಾಗೂ ಪರಿಕರಗಳ 9209ಕ್ಕೆ. ನೂರು ವರ್ಷ ದಾಟಿದ ಪ್ರಾಚೀನ ವಸ್ತುವಾದರೆ ವಾದ್ಯಗಳ ಅಧ್ಯಾಯವನ್ನೇ ಬಿಟ್ಟು 9706ಕ್ಕೆ ಹೋಗಬೇಕು. ಕುಶಲಿಯೊಬ್ಬನು ಕೈಯಿಂದ ಕಡೆದದ್ದೋ ಯಂತ್ರದಿಂದ ಬಂದದ್ದೋ ಎಂಬ ಭೇದವನ್ನು ಈ ಶೀರ್ಷಿಕೆಗಳು ಎಣಿಸುವುದಿಲ್ಲ.

ದೇಶದೊಳಗೆ ತರುವಾಗ ಇದು ಸುಂಕದ ಲೆಕ್ಕವಷ್ಟೇ. ಹೊರಗೆ ಒಯ್ಯುವಾಗ ಮಾತು ಬೇರೆ. ಪ್ರಾಚೀನ ವಸ್ತುಗಳ 1972ರ ಕಾಯಿದೆಯಂತೆ, ನೂರು ವರ್ಷ ತುಂಬಿದ ಕಲಾಕೃತಿ ಅಥವಾ ಕುಶಲಕೃತಿಯನ್ನು ಕೇಂದ್ರ ಸರ್ಕಾರ ಇಲ್ಲವೆ ಅದು ಅಧಿಕಾರವಿತ್ತ ಸಂಸ್ಥೆಯಲ್ಲದೆ ಬೇರಾರೂ ರಫ್ತು ಮಾಡುವಂತಿಲ್ಲ. ತಪ್ಪಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ. ವಸ್ತು ಪ್ರಾಚೀನವೋ ಅಲ್ಲವೋ ಎಂಬ ಸಂಶಯ ಬಂದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತೀರ್ಮಾನವೇ ಅಂತಿಮ.

ಆದರೆ ವೀಣೆಯ ವಯಸ್ಸನ್ನು ಅಳೆಯುವ ಬಗೆ ಹೇಗೆ? ಅದು ನುಡಿಸುವ ವಸ್ತು, ಸವೆಯುವ ವಸ್ತು. ತಂತಿ ಆಗಾಗ ಬದಲಾಗುತ್ತದೆ. ಮೇಣ ಒಣಗಿದಾಗ ಮೆಟ್ಟಿಲುಗಳನ್ನು ಕಿತ್ತು ಮತ್ತೆ ಕೂರಿಸುತ್ತಾರೆ. ಬಿರಡೆ ಜಾರತೊಡಗಿದರೆ ಹೊಸತನ್ನು ಕಡೆಯುತ್ತಾರೆ. ಕೊಡ ನೂರಿಪ್ಪತ್ತು ವರ್ಷದ್ದು, ಕುದುರೆ ಇಪ್ಪತ್ತು ವರ್ಷದ್ದು ಆಗಿರಬಹುದು. ಇದನ್ನು ಬೆರಳಲ್ಲಿ ಮುಟ್ಟಿ ಹೇಳಬಲ್ಲವನು ವಾದ್ಯ ಕಟ್ಟುವವನು. ಪರಿಶೀಲನೆಯ ವೇಳೆ ಅಂಥವನ ಮಾತಿಗೂ ಮನ್ನಣೆ ದೊರೆಯಬೇಕೆಂಬುದು ನಮ್ಮ ಆಗ್ರಹ.

ಇನ್ನು ಮೂರನೆಯ ಪ್ರಶ್ನೆ. ದಂತದ ಕುಸುರಿಯಿದ್ದರೆ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ನಿಲ್ಲುತ್ತದೆ. ಆನೆಯ ಉಳಿವಿನ ದೃಷ್ಟಿಯಿಂದ ಅದು ಸರಿಯೇ. ಬೀಟೆ ಮರದ ಕಥೆ ಬೇರೆ. ಆ ಕುಲದ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ಬಂದ ನಿರ್ಬಂಧವು ಸಂಗೀತಗಾರರನ್ನೂ ಕಾಡಿತು. ಅವರು ಲಿಖಿತವಾಗಿ, ಸಂಘಟಿತರಾಗಿ ಅಹವಾಲು ಮುಂದಿಟ್ಟರು. 2019ರಲ್ಲಿ ಸಿದ್ಧ ವಾದ್ಯಗಳಿಗೂ ಅವುಗಳ ಬಿಡಿಭಾಗ, ಪರಿಕರಗಳಿಗೂ ವಿನಾಯಿತಿ ದೊರೆಯಿತು. ಸುಂಕದವನೂ ಕೇಳಿಸಿಕೊಳ್ಳುತ್ತಾನೆ, ಆದರೆ ಕಟ್ಟೆಯ ಬಳಿ ಕಣ್ಣೀರಿಟ್ಟಾಗಲ್ಲ, ಕಾಗದದಲ್ಲಿ ಬರೆದು ಕೊಟ್ಟಾಗ.

ಆದುದರಿಂದ ಓದುಗರಲ್ಲಿ ಒಂದು ವಿನಂತಿ. ಮನೆಯ ಹಿರಿಯರು ಇರುವಾಗಲೇ ವಾದ್ಯವನ್ನು ಯಾರು, ಯಾವ ಊರಲ್ಲಿ, ಯಾವಾಗ ಕಟ್ಟಿದರು, ಯಾರು ನುಡಿಸಿದರು, ಯಾವ ಭಾಗವನ್ನು ಎಂದು ಬದಲಿಸಿದರು ಎಂಬುದನ್ನು ಬರೆದಿಡಿ. ಛಾಯಾಚಿತ್ರವನ್ನೂ ದುರಸ್ತಿಯ ರಸೀದಿಯನ್ನೂ ಜೊತೆಗಿಡಿ. ಪಯಣಕ್ಕೆ ಬಹು ಮೊದಲೇ ಇಲಾಖೆಯ ಅಭಿಪ್ರಾಯ ಪಡೆಯಿರಿ. ಅಜ್ಜಿಯ ವೀಣೆ ಮೊಮ್ಮಗಳ ಕೈ ಸೇರುವುದೋ ಇಲ್ಲವೋ, ಬರೆದಿಟ್ಟ ಆ ಒಂದು ಪುಟವಂತೂ ಅವಳಿಗೆ ಸೇರಲಿ. ಅದಕ್ಕೆ ಯಾವ ಸುಂಕವೂ ಇಲ್ಲ.