ಟೋಳಿ ಅಂದವರು ಯಾರು?

ಬೆಂಗಳೂರಿನ ಹಳೆಯ ದಾದಾಗಳ ಕಥೆ ಗೊತ್ತಿಲ್ಲದವರು ಈಗ ಕರ್ನಾಟಕದಲ್ಲಿ ಯಾರಿದ್ದಾರೆ? ಕೊತ್ವಾಲ್ ರಾಮಚಂದ್ರ 1986ರಲ್ಲಿ ಹೇಗೆ ಸತ್ತ, ಜಯರಾಜ್ 1989ರಲ್ಲಿ ಹೇಗೆ ಸತ್ತ, ಯಾರ ಕೈಯಲ್ಲಿ ಯಾವ ಹತಾರ ಇತ್ತು ಎಂಬುದೆಲ್ಲ ನಮ್ಮ ಸುರಪುರದ ಬಸ್ ನಿಲ್ದಾಣದಲ್ಲಿ ಚಹಾ ಕೊಡುವ ಹುಡುಗನಿಗೂ ಬಾಯಿಪಾಠ. ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಪುಸ್ತಕವಾಯಿತು, 2007ರಲ್ಲಿ 'ಆ ದಿನಗಳು' ಸಿನಿಮಾ ಬಂತು. ಬರೆದವರ ಮೇಲೆ ನಮಗೆ ಸಿಟ್ಟಿಲ್ಲ. ಒಳಗಿದ್ದವರು ಒಳಗಿನದನ್ನು ಬರೆದರು, ಬರೆಯಲಿ. ನಮ್ಮ ಸಿಟ್ಟು ಇರುವುದು ಓದಿದವರ ಮೇಲೆ. ಆರಾಮಕುರ್ಚಿಯಲ್ಲಿ ಕೂತು ಚುರುಮುರಿ ಮೆದ್ದಂತೆ ಮಚ್ಚಿನ ಕಥೆ ಮೆಲ್ಲುವ ಸಜ್ಜನರು, ಅದೇ ಸಂಜೆ ತಮ್ಮ ಬಡಾವಣೆಯಲ್ಲಿ ಕರಿಮೈಯ ಅಪರಿಚಿತ ಹುಡುಗನೊಬ್ಬ ನಿಂತರೆ ಠಾಣೆಗೆ ಫೋನು ಮಾಡುತ್ತಾರಲ್ಲ, ಅವರ ಮೇಲೆ.

ಈ ಕಥೆಗಳಲ್ಲಿ ಒಂದು ಜಾಗ ಯಾವಾಗಲೂ ಖಾಲಿ. ದಾದಾನ ಮುಂದೆ ಕ್ಯಾಮೆರಾ ನಿಲ್ಲುತ್ತದೆ. ಅವನ ಬೆನ್ನ ಹಿಂದೆ ನಿಂತು ಏಟು ತಿಂದ ಹುಡುಗನ ಮನೆಗೆ ಯಾರೂ ಹೋಗುವುದಿಲ್ಲ. ಅವನ ಅವ್ವ ಜಾಮೀನಿಗೆ ಯಾವ ಒಡವೆ ಮಾರಿದಳು? ಅವನ ತಂಗಿಗೆ ಗಂಡು ಸಿಕ್ಕಿತೇ? ಅವನ ಮಗನನ್ನು ಸಾಲೆಯಲ್ಲಿ ಮಾಸ್ತರರು ಯಾವ ಹೆಸರಿನಿಂದ ಕರೆದರು? ಟೋಳಿಯ ನೆನಪೆಂದರೆ ಗಂಡಸಿನ ನೆನಪು, ಅದರಲ್ಲೂ ಮುಂದೆ ನಿಂತವನ ನೆನಪು ಎಂದು ನಮ್ಮ ಸಾಹಿತ್ಯವೂ ಒಪ್ಪಿಕೊಂಡುಬಿಟ್ಟಿದೆ.

ಇದು ನಿಮಗ್ಯಾಕ ಬೇಕ್ರಿ ಅಂತ ಕೇಳಬಹುದು. ಬೇಕು. ಯಾಕಂದ್ರ ನಮ್ಮ ಕಡೆ ಒಬ್ಬಿಬ್ಬರನ್ನಲ್ಲ, ಊರಿಗೆ ಊರನ್ನೇ ಟೋಳಿ ಅಂದಿದ್ದರು. ನಾವು ಬೇಡರ ಓಣಿಯವರೂ ಇದ್ದೇವೆ, ಮಾದಿಗರ ಕೇರಿಯವರೂ ಇದ್ದೇವೆ. ರಾತ್ರಿ ಬಾಗಿಲ ಮುಂದೆ ಬೂಟಿನ ಸಪ್ಪಳ ಕೇಳಿ ಬೆಳೆದವರು. ಕೂಡಿ ಬರೆಯುತ್ತಿದ್ದೇವೆ.

1705ರಲ್ಲಿ ದಿಲ್ಲಿಯ ಬಾದಶಹ ಔರಂಗಜೇಬ, ಎಂಬತ್ತಾರು ದಾಟಿದ ಮುದುಕ, ತನ್ನ ಜೀವಮಾನದ ಕೊನೆಯ ಮುತ್ತಿಗೆ ಹಾಕಿದ್ದು ನಮ್ಮ ವಾಗಣಗೇರಿ ಕೋಟೆಗೆ. ಫೆಬ್ರುವರಿಯಿಂದ ಏಪ್ರಿಲ್‌ತನಕ ಅಷ್ಟು ದೊಡ್ಡ ಫೌಜು ಈ ಕಲ್ಲುಗುಡ್ಡದ ಬುಡದಲ್ಲಿ ಬಿದ್ದಿತ್ತು. ಕೋಟೆ ಬಿತ್ತು, ಪಿಡ್ಡ ನಾಯಕ ಕೈಗೆ ಸಿಗಲಿಲ್ಲ. ಆ ಕಾಲದ ಮೊಗಲ ಬರಹಗಾರರು ಈ ಬೇಡರ ಬಗ್ಗೆ ಬರೆದಿದ್ದರಲ್ಲಿ ಇರುವುದು ಭಯಕ್ಕಿಂತ ಹೆಚ್ಚಾಗಿ ತಾತ್ಸಾರ. ಕೀಳು ಕುಲದವರು, ಸುಲಿಗೆಯವರು. ಸರಿ, ಬಾದಶಹ ದಖ್ಖಣಕ್ಕೆ ಏನು ಜೋಳ ಬಿತ್ತಲು ಬಂದಿದ್ದನೇ? ಮರಾಠರು ವಸೂಲು ಮಾಡಿದರೆ ಅದಕ್ಕೆ ಚೌತ್ ಎಂಬ ಹೆಸರು, ನಿಜಾಮ ಮಾಡಿದರೆ ಪೇಷ್‌ಕಷ್, ಕುಂಪಣಿ ಮಾಡಿದರೆ ಕಂದಾಯ. ಬೇಡ ಮಾಡಿದರೆ ಮಾತ್ರ ದರೋಡೆ. ಕುದುರೆ ಎಷ್ಟು ಎತ್ತರ ಇದ್ದರೆ ಸುಲಿಗೆಗೆ ಅಷ್ಟು ಮರ್ಯಾದೆಯ ಹೆಸರು.

ಆಮೇಲೆ ಬಂದವನು ಮೆಡೋಸ್ ಟೇಲರ್. ಈತ ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಠಗ್ಗನೊಬ್ಬನ ತಪ್ಪೊಪ್ಪಿಗೆ ಎಂಬ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ. ಅಲ್ಲಿಯ ಜನ ಮುಗಿಬಿದ್ದು ಓದಿದರು. ಇವತ್ತು ಮಚ್ಚಿನ ಕಥೆ ಓದುವವರ ಅಜ್ಜಂದಿರು ಅವರೇ. ಗೆಳೆಯರೇ, ಇದನ್ನು ಸ್ವಲ್ಪ ನಿಧಾನಕ್ಕೆ ಯೋಚಿಸಿರಿ. ಟೋಳಿಯ ಕಥೆ ಮಾರಿ ಹೆಸರಾದ ಮನುಷ್ಯನನ್ನೇ ಟೋಳಿ ಎನಿಸಿಕೊಂಡ ಊರಿನ ಆಡಳಿತಕ್ಕೆ ಕಳಿಸಿದರು. 1840ರ ದಶಕದ ಮೊದಲಿನಿಂದ 1853ರ ತನಕ ಆತ ಇಲ್ಲಿ ಆಳಿದ. ಕೆರೆ ಕಟ್ಟಿಸಿದ, ಲೆಕ್ಕಪತ್ರ ನೆಟ್ಟಗೆ ಮಾಡಿದ, ನಾವು ಅಲ್ಲಗಳೆಯುವುದಿಲ್ಲ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇನ್ನೂ ನಿಂತಿದೆ, ಹೊರಗಿನವರು ಬಂದು ನೋಡಿ ಹೋಗುತ್ತಾರೆ. ಅವನು ಸತ್ತ ಮೇಲೆ 1877ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ನಮ್ಮ ಹನ್ನೆರಡು ಸಾವಿರ ಬೇಡರ ಪಡೆ ಬರುತ್ತದೆ. ಸಂಖ್ಯೆಯಾಗಿ ಬರುತ್ತದೆ. ಹೆಂಗಸಾಗಿ ಬರುವವಳು ರಾಣಿ ಈಶ್ವರಮ್ಮ, ಆಕೆಯ ನಡತೆಯನ್ನು ಈ ದೊರೆ ಮೇಲಿಂದ ಮೇಲೆ ಹಳಿಯುತ್ತಾನೆ. ಊರು ಹಿಡಿಯಬೇಕಾದವರು ಮೊದಲು ಊರಿನ ಹೆಂಗಸಿನ ಶೀಲದ ಮೇಲೆ ಕೈ ಇಡುತ್ತಾರೆ. ಈ ಪದ್ಧತಿ ಆವತ್ತಿಂದ ಇವತ್ತಿನವರೆಗೆ ಬದಲಾಗಿಲ್ಲ. ಠಾಣೆಯ ಕಟ್ಟೆ ಹತ್ತಿದ ಯಾವ ಅವ್ವನನ್ನಾದರೂ ಕೇಳಿರಿ.

ಇದಕ್ಕಿಂತ ಮೋಜಿನ ಸಂಗತಿ ಇನ್ನೊಂದಿದೆ. ಕಳ್ಳರು ಕಳ್ಳರು ಅಂತ ಬೇಡರನ್ನು ಬೈದವರೇ ಹಳ್ಳಿಹಳ್ಳಿಯಲ್ಲಿ ಕಾವಲಿಗೆ ಇಟ್ಟುಕೊಂಡದ್ದು ಬೇಡರನ್ನು. ತಳವಾರ ಯಾರು? ರಾತ್ರಿಯೆಲ್ಲ ಊರು ಸುತ್ತಿ, ಹೊಲದ ತೆನಿ ಕಾದು, ಕಳುವಾದರೆ ಹೆಜ್ಜೆ ಹಿಡಿದು ಮುಂದಿನ ಊರ ಸೀಮೆಯತನಕ ಹೋಗಬೇಕಾದವನು. ಹೆಜ್ಜೆ ಸಿಗದಿದ್ದರೆ ಕಳುವಾದ ಮಾಲಿಗೆ ಅವನೇ ಜವಾಬ್ದಾರ. ವರ್ಷಕ್ಕೆ ಒಂದಿಷ್ಟು ಆಯ, ಒಂದು ತುಂಡು ಇನಾಮು ಭೂಮಿ. ಅವನ ಜೊತೆ ಹಲಗಿ ಹೊಡೆದು ಡಂಗುರ ಸಾರುತ್ತ, ಗೌಡರ ಕುದುರೆಯ ಮುಂದೆ ಓಡುತ್ತ ಇದ್ದವರು ನಮ್ಮ ಕೇರಿಗಳವರು. ಊರು ಮಲಗಿದಾಗ ಎಚ್ಚರ ಇದ್ದವರು ಇವರಿಬ್ಬರೇ. ಊರು ಎದ್ದ ಮೇಲೆ ಸಂಶಯ ಬೀಳುತ್ತಿದ್ದದ್ದೂ ಇವರಿಬ್ಬರ ಮೇಲೆಯೇ. ಕಾವಲಿಗೂ ಅವನೇ, ಕಳುವಿಗೂ ಅವನೇ! ಎಂಥಾ ನ್ಯಾಯಾರೀ ಇದು?

1858ರ ಫೆಬ್ರುವರಿಯಲ್ಲಿ ಇಂಗ್ರೇಜಿ ಫೌಜು ಸುರಪುರದ ಮೇಲೆ ಬಿತ್ತು. ರಾಜಾ ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆಸಿಕ್ಕ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದರಾಸಿನ ಕಡೆಗೆ, ಚೆಂಗಲ್‌ಪೇಟೆಗೆ ಒಯ್ಯುವಾಗ ದಾರಿಯಲ್ಲಿ ಸತ್ತ. ತನ್ನ ಕೈಯಾರೆ ಗುಂಡು ಹೊಡೆದುಕೊಂಡ ಎಂದು ಟೇಲರ್ ಬರೆದ. ಊರಿನ ಮಂದಿ ನಂಬಲಿಲ್ಲ, ಇವತ್ತಿಗೂ ನಂಬುವುದಿಲ್ಲ. 1860ರಲ್ಲಿ ಇಡೀ ಸಂಸ್ಥಾನವನ್ನು ತೆಗೆದು, ದಂಗೆಯ ಕಾಲದಲ್ಲಿ ತಮ್ಮ ಬೆನ್ನಿಗೆ ನಿಂತದ್ದಕ್ಕೆ ಬಹುಮಾನವೆಂದು ನಿಜಾಮನ ಕೈಗಿಟ್ಟರು. ಒಂದು ಊರು, ಅದರ ಮಂದಿ, ಅವರ ಹೊಲಮನಿ, ಎಲ್ಲ ಬಹುಮಾನ. ದೊರೆ ಹೋದ ಮೇಲೆ ಚಾಕರಿಗೆಂದೇ ಬೆಳೆದ ಪಡೆಯವರು ಏನಾದರು? ಹತಾರ ಹಿಡಿಯುವುದೊಂದೇ ಕಸುಬಾಗಿದ್ದವರ ಮನೆಯಲ್ಲಿ ಮರುದಿನ ಒಲೆ ಹೇಗೆ ಹೊತ್ತಿತು? ಇದನ್ನು ಯಾವ ಇತಿಹಾಸಕಾರನೂ ಕೇಳಿಲ್ಲ. ಚಾಕರಿ ಕಳೆದುಕೊಂಡ ಸಿಪಾಯಿಗೆ ಸರಕಾರದ ಕಾಗದದಲ್ಲಿ ಹೊಸ ಹೆಸರು ಸುಲಭವಾಗಿ ಸಿಕ್ಕಿತು.

ನಮ್ಮ ಈ ಸೀಮೆ ನಿಜಾಮನದು, ಆಚೆಯ ಮುದ್ದೇಬಿಹಾಳ, ವಿಜಾಪುರ ಮುಂಬಯಿ ಸರಕಾರದ್ದು. ಸುಲಿಗೆಗೆ ಶಾಸ್ತ್ರ ಬರೆದದ್ದು ಆಚೆಯವರು. ಕೆನಡಿ ಎಂಬ ಪೊಲೀಸ್ ಸಾಹೇಬ 1908ರಲ್ಲಿ ಮುಂಬಯಿ ಪ್ರಾಂತದ ಅಪರಾಧಿ ವರ್ಗಗಳ ಮೇಲೆ ಒಂದು ಪುಸ್ತಕ ಮಾಡಿದ. ಹುಲಿ, ಚಿರತೆ, ಕಿರುಬಗಳನ್ನು ಬಣ್ಣಿಸುವ ಹಾಗೆ ಜಾತಿಗಳ ಬಣ್ಣನೆ: ಉಡುಪು ಇಂಥದು, ಮಾತು ಇಂಥದು, ಕನ್ನ ಹಾಕುವುದು ಹೀಗೆ. ಅದರಲ್ಲಿ ಬೇಡರೂ ಒಂದು ಬಾಬು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ದೇಶದ ತುಂಬ ಹರಡುವಂತೆ ಬಿಗಿ ಮಾಡಿದರು. ಅದರ ಮಾತು ಸರಳ. ನೀನು ಕದ್ದಿದ್ದೀಯಾ ಎಂದು ಕೇಳುವುದಿಲ್ಲ, ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂದು ಕೇಳುತ್ತದೆ. ರಿಜಿಸ್ಟರಿನಲ್ಲಿ ಹೆಸರು, ಬೆರಳಚ್ಚು, ಹಾಜರಿ. ಊರು ಬಿಡಬೇಕಾದರೆ ಚೀಟಿ. ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಸುಧಾರಣೆಯ ಶಾಲೆಗೆ ಹಾಕುವ ಅಧಿಕಾರವೂ ಅದರಲ್ಲೇ ಇತ್ತು. ಹಿಂದೂ ಧರ್ಮಶಾಸ್ತ್ರ ಹೇಳಿದ್ದೂ ಇದನ್ನೇ ಅಲ್ಲವೇ? ಹುಟ್ಟಿನಿಂದ ಮೈಲಿಗೆ ಎಂದವರು ಇವರು, ಹುಟ್ಟಿನಿಂದ ಕಳ್ಳ ಎಂದವರು ಅವರು. ಬಿಳಿಯನಿಗೆ ಈ ಪಾಠ ಬೇರೆ ಯಾರೂ ಹೇಳಿಕೊಡಬೇಕಾಗಲಿಲ್ಲ, ನಮ್ಮ ಅಗ್ರಹಾರದಲ್ಲೇ ಸಿಕ್ಕಿತು.

ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ವಸಾಹತುಗಳೆದ್ದವು. ಗಂಟಿಚೋರರು, ಕೊರವರು, ಹರಣಶಿಕಾರಿಗಳು, ಹೀಗೆ ಎಷ್ಟೋ ಮಂದಿಯನ್ನು ಸಂಸಾರ ಸಮೇತ ತಂದು ಕೂಡಿಹಾಕಿದರು. ಸುಧಾರಣೆ ಎಂದು ಕರೆದರು. ಗಿರಣಿಗಳಿಗೆ ಓಡಿಹೋಗಲಾರದ ಕೂಲಿ ಸಿಕ್ಕಿತು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆ ಭಾಗಕ್ಕೆ ಸೆಟ್ಲಮೆಂಟ್ ಅಂತಲೇ ಅಂತಾರ. 'ಸೆಟ್ಲಮೆಂಟಿನವ' ಅಂದರೆ ಸಾಕು, ಎದುರಿನವ ತನ್ನ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾನೆ. ತಂತಿ ಕಿತ್ತು ಎಪ್ಪತ್ತು ವರ್ಷದ ಮೇಲಾಯಿತು, ಆ ಕೈ ಇನ್ನೂ ಕಿಸೆಯಿಂದ ಬಂದಿಲ್ಲ.

1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ವಿಮುಕ್ತರು ಎಂಬ ಹೆಸರು ಬಂತು. ವಿಮುಕ್ತಿ ಎಷ್ಟು ದಿನ ಬಾಳಿತು? 1961ರಲ್ಲಿ ನಮ್ಮದೇ ರಾಜ್ಯದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. 1985ರಲ್ಲಿ ಗೂಂಡಾ ಕಾಯ್ದೆ ಬಂತು. ಕಳ್ಳಭಟ್ಟಿಯವನು, ಜೂಜಿನವನು, ಕೊಳೆಗೇರಿಯ ಜಾಗ ಹಿಡಿದವನು, ಗೂಂಡಾ, ಎಲ್ಲರಿಗೂ ಒಂದೇ ಚೀಲ. ಊರ ಗೋಮಾಳ ಹಿಡಿದವನಿಗೆ, ಕೆರೆ ಮುಚ್ಚಿ ಬಡಾವಣೆ ಮಾಡಿದವನಿಗೆ ಈ ಚೀಲದಲ್ಲಿ ಜಾಗ ಇದ್ದದ್ದನ್ನು ನಾವಂತೂ ಕಂಡಿಲ್ಲ. ಇದರ ಜೊತೆಗೆ ಠಾಣೆಯ ರೌಡಿ ಪಟ್ಟಿ. ಪಟ್ಟಿಗೆ ಹೆಸರು ಏರುವುದು ಒಂದು ದಿನದ ಕೆಲಸ, ಇಳಿಯುವುದು ಒಂದು ಜನ್ಮದ ಕೆಲಸ. ಚುನಾವಣೆ ಬಂದರೆ ಹಾಜರಿ, ಮೊಹರಮ್ಮು ಗಣಪತಿ ಕೂಡಿ ಬಂದರೆ ಹಾಜರಿ, ಮಂತ್ರಿ ಬಂದರೆ ಹಾಜರಿ. ಚಟದಿಂದ ಕಳ್ಳನಾದವನ ಕೈಯಲ್ಲಿ ಮುಚ್ಚಳಿಕೆ ಬರೆಸುವ ಹಳೇ 110ನೇ ಕಲಮು 2024ರ ಜುಲೈನಿಂದ 129ನೇ ಕಲಮಾಗಿದೆ. ನಂಬರು ಬದಲಾಯಿತು, ಅಷ್ಟೇ.

ಮನೆಯವರ ಮಾತಿಗೆ ಬರೋಣ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದಿಲ್ಲಿಯ ಶಾಸಕರೊಬ್ಬರ ಪ್ರಕರಣ ಬಂದಿತ್ತು. ಪೊಲೀಸರು ಅವರ ಮೇಲೆ ತೆರೆದ ಹಾಳೆಯಲ್ಲಿ ಸಾಲೆಗೆ ಹೋಗುವ ಮಕ್ಕಳ ಹೆಸರನ್ನೂ ಬರೆದಿದ್ದರು. ಕಾರಣವಿಲ್ಲದೆ ಎಳೆಯ ಮಕ್ಕಳ ವಿವರ ಬರೆಯಕೂಡದು ಎಂದು ನ್ಯಾಯಾಲಯ ಹೇಳಿತು. ಹಿಂದುಳಿದವರು, ಪರಿಶಿಷ್ಟ ಜಾತಿ ವರ್ಗದವರು ಎಂಬ ಕಾರಣಕ್ಕೇ ಇಂಥ ಪಟ್ಟಿಗಳಿಗೆ ಹೆಸರು ಬೀಳುತ್ತಿರುವ ಬಗ್ಗೆ ಎಲ್ಲ ರಾಜ್ಯಗಳೂ ತಮ್ಮ ಕ್ರಮವನ್ನು ತಿದ್ದಿ ನೋಡಬೇಕೆಂದೂ ಹೇಳಿತು. ಅದೇ ವರ್ಷ ಅಕ್ಟೋಬರ್ 3ರಂದು ಜೈಲುಗಳ ಜಾತಿಭೇದದ ಮೇಲೆ ತೀರ್ಪು ಕೊಡುವಾಗ ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಹಿಡಿಯಬಾರದೆಂದು ಮತ್ತೆ ಹೇಳಿತು. ಒಳ್ಳೆಯದು. ಆದರೆ ನೋಡಿರಿ, ಶಾಸಕರ ಮಕ್ಕಳ ಹೆಸರಾದದ್ದರಿಂದ ಪ್ರಶ್ನೆ ದಿಲ್ಲಿಯ ಆ ಮೆಟ್ಟಿಲು ಹತ್ತಿತು. ಓಣಿಯ ಹುಡುಗನ ಮಕ್ಕಳ ಹೆಸರು ಇಷ್ಟು ವರ್ಷ ಯಾರ ಕಣ್ಣಿಗೆ ಬಿದ್ದಿತ್ತು?

ನಮ್ಮ ಜಿಲ್ಲೆಯಿಂದ ಗುಳೆ ಹೋಗುವುದು ನಿಂತಿಲ್ಲ. ಬಸ್ಸಿನ ತುಂಬ ಗಂಟುಮೂಟಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ ತಗಡಿನ ಶೆಡ್ಡಿನಲ್ಲಿ ಇದ್ದು, ದೊಡ್ಡ ಮನೆಗಳನ್ನು ಕಟ್ಟುವವರು ನಮ್ಮವರು. ಆ ಕಟ್ಟಡದಲ್ಲಿ ಕಬ್ಬಿಣ ಕಳುವಾದರೆ ಮೊದಲು ಪೊಲೀಸು ಬರುವುದು ಶೆಡ್ಡಿಗೆ. ಊರು ಯಾವುದು ಅಂತ ಕೇಳ್ತಾರ. ಜಾತಿ ಯಾವುದು ಅಂತ ಕೇಳ್ತಾರ. ಕೆನಡಿ ಸಾಹೇಬನ ಪುಸ್ತಕ ಅವರು ಓದಿಲ್ಲ, ಓದುವ ಅಗತ್ಯವೂ ಇಲ್ಲ. ತಾತನಿಗೆ ಹಿಡಿದ ಗಾಳಿ ಮೊಮ್ಮಗನ ತನಕ ಬಂದಿದೆ.

ನಮ್ಮವರಿಗೂ ಒಂದು ಮಾತು ಹೇಳಬೇಕು, ಸಿಟ್ಟಾದರೂ ಸರಿಯೇ. ಸಂಸ್ಥಾನದ ವೈಭವ ಹಾಡುವ ಸಭೆಗಳು ಸುರಪುರದಲ್ಲಿ ಕಡಿಮೆ ಇಲ್ಲ. ದೊರೆಯ ಶೌರ್ಯ, ದೊರೆಯ ಗೋಸಲ ವಂಶ, ದೊರೆಯ ಅರಮನೆ. ದರೋಡೆಕೋರ ಎಂಬ ಬೈಗಳು ತೊಳೆಯಲು ನಾವು ರಾಜರು ಎಂಬ ಬಿರುದು ಹಚ್ಚಿಕೊಂಡರೆ ಕೆಲಸವಾಯಿತೇ? ಆ ದೊರೆಗಳ ಕಾಲದಲ್ಲೂ ಮಾದಿಗರ ಕೇರಿ ಊರ ಹೊರಗೇ ಇತ್ತು. ಪಡೆ ಲೂಟಿಗೆ ಹೋದಾಗ ಸುಟ್ಟ ಗುಡಿಸಲುಗಳಲ್ಲಿ ಬಡವರವೂ ಇದ್ದವು. ಅದನ್ನು ಮುಚ್ಚಿಡುವವರು ಬೆಂಗಳೂರಿನ ದಾದಾಗೆ ಹಾರ ಹಾಕುವವರಿಗಿಂತ ಬೇರೆಯಲ್ಲ. ಕದ್ದವನು ಕದ್ದ ಎನ್ನೋಣ, ಹೊಡೆದವನು ಹೊಡೆದ ಎನ್ನೋಣ, ಹೆಸರು ಹಿಡಿದು ಒಬ್ಬೊಬ್ಬನನ್ನೇ ಹೇಳೋಣ. ಓಣಿಗೆ ಓಣಿಯನ್ನೇ, ಹೆಂಡತಿ ಮಕ್ಕಳ ಸಮೇತ, ಹೇಳುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಟೋಳಿಗಳ ನೆನಪು ಬರೆಯುವುದು ಬೇಡವೇ? ಬೇಕೇ ಬೇಕು. ಆದರೆ ಮಚ್ಚಿನ ತುದಿಯಿಂದ ಬೇಡ, ಒಲೆಯ ಬಾಯಿಂದ ಬರೆಯಿರಿ. ರಂಗಂಪೇಟೆಯಲ್ಲಿ, ತಿಮ್ಮಾಪುರದಲ್ಲಿ, ವಾಗಣಗೇರಿಯ ಕೋಟೆಯ ಬುಡದಲ್ಲಿ ಸಂಜೆಗೆ ಕಟ್ಟೆಯ ಮೇಲೆ ಕೂಡುವ ಮುದುಕಿಯರಿದ್ದಾರೆ. ನಿಜಾಮಶಾಹಿಯ ಕೊನೆಯ ದಿನಗಳನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆ. ಗಂಡನನ್ನು ಎತ್ತಿಕೊಂಡು ಹೋದ ರಾತ್ರಿ ಯಾರ ಮನೆಯ ಹಿಟ್ಟು ಕಡ ತಂದರು, ಸಾವುಕಾರ ಎಷ್ಟು ಬಡ್ಡಿ ಹಾಕಿದ, ಮಗಳ ಬೀಗತನ ಯಾಕೆ ಮುರಿಯಿತು, ಜೈಲಿನಿಂದ ಬಂದವನಿಗೆ ಊರಲ್ಲಿ ಯಾರು ಕೂಲಿ ಕೊಟ್ಟರು ಯಾರು ಕೊಡಲಿಲ್ಲ, ಇದೆಲ್ಲ ಅವರಿಗೆ ಗೊತ್ತು. ವಿಶ್ವವಿದ್ಯಾಲಯಗಳು ತಾಮ್ರಪಟ ಹುಡುಕಿದ್ದು ಸಾಕು, ಈ ಕಟ್ಟೆಗಳಿಗೆ ಹುಡುಗರನ್ನು ಕಳಿಸಲಿ.

ನಾವು ಕೇಳುವುದು ಇಷ್ಟು. ನಮ್ಮ ತಾಲೂಕಿನ ಠಾಣೆಗಳ ಪಟ್ಟಿಯಲ್ಲಿ ಎಷ್ಟು ಹೆಸರಿವೆ, ಅದರಲ್ಲಿ ಯಾವ ಜಾತಿಯವರು ಎಷ್ಟು, ಹೆಂಡಿರು ಮಕ್ಕಳ ಹೆಸರು ಯಾವ ಕಾಲಮಿನಲ್ಲಿ ಬರೆದಿದ್ದಾರೆ, 2024ರ ಮಾತಿನ ಮೇಲೆ ಎಷ್ಟನ್ನು ಅಳಿಸಿದ್ದಾರೆ, ಇದನ್ನು ಗೋಡೆಗೆ ಹಚ್ಚಲಿ. ಹಚ್ಚದಿದ್ದರೆ ಅರ್ಜಿ ಹಿಡಿದು ನಾವೇ ಬರ್ತೀವಿ. ಈ ಸಲ ಗಂಡಸರಷ್ಟೇ ಬರೋದಿಲ್ಲ, ಅವ್ವಂದಿರೂ ಬರ್ತಾರ. ಅವರಿಗೆ ಠಾಣೆಯ ಹಾದಿ ಯಾರೂ ತೋರಿಸಬೇಕಾಗಿಲ್ಲ.