ತೋಳಿನ ಪಟ್ಟಿ

ಆ ಫೋಟೊ ಕತ್ತರಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆ, ಟಿವಿಯವರಾದ ನಿಮ್ಮನ್ನು ಬಯ್ಯುವ ಹಕ್ಕು ನನಗಿದೆಯೋ ಇಲ್ಲವೋ, ಆಮೇಲೆ ನೀವೇ ನೋಡಿ.

2008ರ ಡಿಸೆಂಬರ್ 9, ಬಕ್ರೀದ್. ಮುಂಬೈಯಲ್ಲಿ ಭಯೋತ್ಪಾದಕರ ದಾಳಿಗೆ 166 ಜನರ ಹೆಣ ಬಿದ್ದು ಎರಡು ವಾರವೂ ಆಗಿರಲಿಲ್ಲ. ಹಬ್ಬದ ನಮಾಜಿಗೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬನ್ನಿ ಎಂದು ಊರೂರಲ್ಲಿ ಹೇಳಿದ್ದರು. ನಾವು ಪಿಂಜಾರರು. ಹತ್ತಿ ಹಿಂಜಿ, ಹಾಸಿಗೆ ಹೊಲಿದು ನನ್ನನ್ನು ಓದಿಸಿದವನು ನಮ್ಮಪ್ಪ. ಎರಡು ಮೀಟರ್ ಕಪ್ಪು ಬಟ್ಟೆ ತಂದು ರಾತ್ರಿಯೆಲ್ಲ ಕೂತು ಪಟ್ಟಿ ಕತ್ತರಿಸಿ, ಒಂದೊಂದರ ಅಂಚನ್ನೂ ಮಡಚಿ ಹೊಲಿದನಂತೆ. ಒಂದು ದಿನದ ಮಟ್ಟಿಗೆ ಅಂಚು ಯಾಕೆ ಎಂದು ಅವ್ವ ಕೇಳಿದರೆ, "ಸತ್ತೋರ ಸಲುವಾಗಿ ಕಟ್ಕೊಳ್ಳೋದು, ದಾರ ಜೋತಾಡಬಾರ್ದು" ಅಂದನಂತೆ.

ನಾನಾಗ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ರಾತ್ರಿ ಎಂಟಕ್ಕೆ ಊರಿನ ವರದಿಗಾರನ ಸುದ್ದಿ ಬಂತು, ಜೊತೆಗೆ ನಾಲ್ಕು ಫೋಟೊ. ಈದ್ಗಾದಿಂದ ಬಸ್ ನಿಲ್ದಾಣದವರೆಗೆ ಮೌನ ಮೆರವಣಿಗೆ ಮಾಡಿದ್ದಾರೆ. ಒಂದು ಫೋಟೊದಲ್ಲಿ ಅಪ್ಪ ಪಕ್ಕದ ಬೀದಿಯ ಬಡಿಗೇರನನ್ನು ಅಪ್ಪಿಕೊಂಡಿದ್ದಾನೆ. ಬಿಳಿ ಜುಬ್ಬಾದ ತೋಳಿನಲ್ಲಿ ಕಪ್ಪು ಪಟ್ಟಿ ಎದ್ದು ಕಾಣುತ್ತಿದೆ. ಮೇಲಿನವರು ನೋಡಿದರು. "ಹಬ್ಬದ ಪುಟಕ್ಕೆ ಇದೇ ಇರಲಿ. ಸಡಗರ ಕಾಣಬೇಕು, ಆ ಪಟ್ಟಿಗಿಟ್ಟಿ ತೆಗೀರಿ. ಮೆರವಣಿಗೆ ಸುದ್ದಿ ಬೇಡ, ಜಾಗ ಇಲ್ಲ." ನಾನು ಮೌಸ್ ಹಿಡಿದು ಚೌಕಟ್ಟು ಎಳೆದೆ. ತೋಳು ಹೊರಗೆ ಹೋಯಿತು, ಎರಡು ನಗುಮುಖ ಉಳಿದವು. ಶೀರ್ಷಿಕೆಯನ್ನೂ ನಾನೇ ಬರೆದೆ: ಸಡಗರದ ಬಕ್ರೀದ್.

ಕೈ ನಡುಗಲಿಲ್ಲ. ಅದೇ ನನ್ನನ್ನು ಈಗಲೂ ಸುಡುತ್ತಿರುವುದು.

ಮರುದಿನ ಬೆಳಿಗ್ಗೆ ಅಪ್ಪನ ಫೋನು: "ನಿನ್ನ ಪೇಪರ್‌ನಾಗ ಬಂದೀನಲೋ!" ಅದೇ ವಾರ ಟಿವಿಯ ಚರ್ಚೆಯೊಂದರಲ್ಲಿ ನಿರೂಪಕ ಬೆರಳು ತೋರಿಸಿ ಗದರುತ್ತಿದ್ದ: ಮುಸ್ಲಿಮರು ಯಾಕೆ ಬೀದಿಗೆ ಬರುತ್ತಿಲ್ಲ? ಯಾಕೆ ಖಂಡಿಸುತ್ತಿಲ್ಲ?

ಬಂದಿದ್ದರಲ್ಲ! ಆ ವರ್ಷದ ಫೆಬ್ರವರಿಯಲ್ಲೇ ದೇವಬಂದದ ದಾರುಲ್ ಉಲೂಮ್ ದೇಶದ ಮೌಲಾನಾಗಳನ್ನು ಸೇರಿಸಿ, ಭಯೋತ್ಪಾದನೆ ಇಸ್ಲಾಂಗೆ ವಿರುದ್ಧ ಎಂದು ಸಾರಿತ್ತು. ಮೇ 31ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ಜನಸಾಗರದ ಎದುರು ಅದೇ ಮಾತನ್ನು ಫತ್ವಾ ಆಗಿ ಓದಿದರು. ಹೆಂಡತಿಗೆ ತಲಾಖ್ ಕೊಟ್ಟ ಯಾವನೋ ಮುಲ್ಲಾನ ಹೇಳಿಕೆಗೆ ವಾರಗಟ್ಟಲೆ ಪರದೆ ಬಿಟ್ಟುಕೊಡುವವರು ಈ ಫತ್ವಾವನ್ನು ಎಷ್ಟು ಹೊತ್ತು ತೋರಿಸಿದರು? ಮುಂಬೈ ದಾಳಿಯ ಬೆನ್ನಲ್ಲೇ ಅಲ್ಲಿನ ಮರೀನ್ ಲೈನ್ಸ್‌ನ ಬಡಾ ಕಬರಸ್ತಾನದವರು, ಸತ್ತ ಒಂಬತ್ತು ಹಂತಕರಿಗೆ ನಮ್ಮ ಮಣ್ಣಿನಲ್ಲಿ ಜಾಗವಿಲ್ಲ ಎಂದರು. ಮಣ್ಣು ನಿರಾಕರಿಸುವುದೆಂದರೆ ಏನೆಂದು ನಮ್ಮ ಓಣಿಯಲ್ಲಿ ಹುಟ್ಟಿದವರಿಗೆ ಗೊತ್ತು. ಕಡುವೈರಿಯ ಹೆಣಕ್ಕೂ ಮೂರು ಹಿಡಿ ಮಣ್ಣು ಹಾಕಿ ಬರುವ ಜನ ನಾವು. ಆ ಹೆಣಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲಿ ಬಿದ್ದಿದ್ದವು. ಕೊನೆಗೆ 2010ರಲ್ಲಿ ಸರ್ಕಾರವೇ ಗುಟ್ಟಾಗಿ ಎಲ್ಲೋ ಹೂಳಿತು. ಇದಕ್ಕಿಂತ ದೊಡ್ಡ ಖಂಡನೆ ಯಾವ ಧರ್ಮದವರು ಯಾವಾಗ ಮಾಡಿದ್ದಾರೆ ಹೇಳಿ.

ಸುದ್ದಿ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಬಂದ ಸುದ್ದಿ ನೆನಪಾಗಿ ಉಳಿಯಲು ಬಿಡಲಿಲ್ಲ. ಪ್ರತಿ ಸ್ಫೋಟಕ್ಕೂ ಹಳೆಯ ಸ್ಫೋಟಗಳ ಪಟ್ಟಿ ಕೊಡುತ್ತೀರಿ. ಹಳೆಯ ಮೆರವಣಿಗೆಗಳ ಪಟ್ಟಿಯನ್ನು ಒಂದು ಸಲವಾದರೂ ಕೊಟ್ಟಿದ್ದೀರಾ? ಡೆಸ್ಕಿನಲ್ಲಿ ಕೂತು ಬಲ್ಲೆ: ಬಂಧನ ಮುಖಪುಟ, ಬಿಡುಗಡೆ ಒಳಪುಟ. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ನಮ್ಮದೇ ವೃತ್ತಿಯ ಹುಡುಗನೊಬ್ಬನನ್ನು ಭಯೋತ್ಪಾದನೆಯ ಸಂಚುಕೋರನೆಂದು ಹಿಡಿದರು. ಅವನ ಪಕ್ಕದ ಕುರ್ಚಿಯಲ್ಲಿ ಚಹಾ ಕುಡಿದಿರಬಹುದಾದ ವೃತ್ತಿಬಾಂಧವರೇ ಅವನ ಕಥೆಯನ್ನು ಹಿಗ್ಗಿಸಿ ಬರೆದರು. ಆರು ತಿಂಗಳ ನಂತರ ಸಾಕ್ಷ್ಯವಿಲ್ಲವೆಂದು ಅವನು ಹೊರಗೆ ಬಂದ. ಬರೆದವರಲ್ಲಿ ಎಷ್ಟು ಮಂದಿ ಕ್ಷಮೆ ಕೇಳಿದರು?

ಅದೇ ಮುಂಬೈ ದಾಳಿಯಲ್ಲಿ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಗುಂಡು ತಿಂದು ಸತ್ತವರಲ್ಲಿ ಮುಸ್ಲಿಮರೂ ಇದ್ದರು. ಅವರ ಮನೆಯವರ ಬಾಯಿಗೂ ಮೈಕು ಹಿಡಿದು ಖಂಡಿಸಿ ಎನ್ನುತ್ತೀರಾ? ನನ್ನ ಓರಗೆಯ ಗೆಳೆಯ ಅತ್ತರೆ ಅದು ದುಃಖ. ನಾನು ಅತ್ತರೆ ಅದು ಹಾಜರಿ ಪುಸ್ತಕದ ಸಹಿ. ಹಾಜರಿ ಹಾಕಿದರೂ ಗೈರು ಎಂದೇ ಬರೆದುಕೊಳ್ಳುವ ಮಾಸ್ತರರು ನೀವು. ನಮ್ಮ ಕೆಲ ಮುಖಂಡರೂ ಇದರಲ್ಲಿ ಪಾಲುದಾರರು. ಕ್ಯಾಮೆರಾ ಬಂತೆಂದರೆ ನೊಂದವರನ್ನು ಹಿಂದೆ ತಳ್ಳಿ ಮುಂದೆ ನಿಲ್ಲುತ್ತಾರೆ, ಚಾನೆಲ್‌ನವರಿಗೆ ಬೇಕಾದ ಜಗಳವನ್ನು ಆಡಿಕೊಟ್ಟು ಎದ್ದು ಬರುತ್ತಾರೆ.

2025ರ ಏಪ್ರಿಲ್ 22. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ನಮ್ಮ ರಾಜ್ಯದವರೂ ಇದ್ದರು. ಬಂದೂಕಿಗೆ ಅಡ್ಡ ಹೋದ ಕುದುರೆ ನಡೆಸುವ ಮುಸ್ಲಿಂ ಯುವಕನೂ ಸತ್ತ. ಮರುದಿನ ಕಾಶ್ಮೀರವೇ ಅಂಗಡಿ ಮುಚ್ಚಿತು. ಅಲ್ಲಿನ ಪತ್ರಿಕೆಗಳು ಮುಖಪುಟವನ್ನು ಕಪ್ಪಾಗಿ ಅಚ್ಚು ಹಾಕಿದವು. ಗಂಡನನ್ನು ಕಣ್ಣೆದುರೇ ಕಳೆದುಕೊಂಡ ಕನ್ನಡತಿಯೊಬ್ಬರು, ಸ್ಥಳೀಯರೇ ನನ್ನನ್ನು ಕಾಪಾಡಿದರು ಎಂದು ಆ ಸಂಕಟದಲ್ಲೂ ಹೇಳಿದರು. ಅವರ ಮಾತಿನ ಆ ತುಂಡು ಯಾವ ಯಾವ ಡೆಸ್ಕಿನಲ್ಲಿ ಬಿದ್ದುಹೋಯಿತೋ! ನಾನು ಕತ್ತರಿ ಹಿಡಿದವನು, ಅದು ಬೀಳುವ ಸದ್ದು ನನಗೆ ಕೇಳುತ್ತದೆ.

ಆ ಶುಕ್ರವಾರ ಊರಿಗೆ ಹೋಗಿದ್ದೆ. ಅಪ್ಪ ಟ್ರಂಕು ತೆಗೆದ. ಹದಿನಾರು ವರ್ಷದ ಹಿಂದಿನ ಪಟ್ಟಿಗಳು ಹಾಗೇ ಇದ್ದವು, ಅಂಚಿನ ಹೊಲಿಗೆ ಬಿಟ್ಟಿರಲಿಲ್ಲ. ಅವುಗಳ ಕೆಳಗೆ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟ ಪೇಪರಿನ ತುಂಡು. ಕನ್ನಡಕ ಏರಿಸಿಕೊಂಡು ನೋಡಿದ. "ಇದರಾಗ ಪಟ್ಟಿನ ಕಾಣವಲ್ದಲ್ಲಪ?"

ನಾನು ಪಿನ್ನು ಹುಡುಕುವ ನೆಪದಲ್ಲಿ ಎದ್ದು ಹೋದೆ.

ನಮಾಜು ಮುಗಿಸಿ ನಿಂತವರ ಮುಂದೆ ಚಾನೆಲ್‌ನ ಹುಡುಗ ಮೈಕು ಹಿಡಿದ. "ಸಾಬ್ರೆ, ಸ್ವಲ್ಪ ಜೋರಾಗಿ ಘೋಷಣೆ ಕೂಗಿ, ಸಿಟ್ಟಿರ್ಲಿ." ಅಪ್ಪ ಅಂದ: "ಸಾವಿನ ಮನೀಗೆ ಹೋದವ್ರು ಕೂಗಂಗಿಲ್ಲಪ್ಪ, ಸುಮ್ನ ನಿಲ್ತಾರ." ಹುಡುಗ ಮೈಕು ಇಳಿಸಿ ಕ್ಯಾಮೆರಾದವನಿಗೆ ಕಣ್ಣು ಮಾಡಿದ. ಇಬ್ಬರೂ ಬೈಕು ಹತ್ತಿದರು.

ರಾತ್ರಿ ಊಟಕ್ಕೆ ಕೂತಾಗ ಟಿವಿಯಲ್ಲಿ ಅದೇ ಕಿರುಚಾಟ: ಇವರ ಮೌನ ಏನು ಹೇಳುತ್ತದೆ? ಅಪ್ಪ ಇನ್ನೂ ಪಟ್ಟಿ ಬಿಚ್ಚಿರಲಿಲ್ಲ. ತುತ್ತು ಕೆಳಗಿಟ್ಟು ಆ ತೋಳನ್ನು ಟಿವಿಯ ಕಡೆ ಎತ್ತಿ ಹಿಡಿದ.

"ಇದು ಕಾಣಂಗಿಲ್ಲೇನು ಇವರಿಗೆ?"