ಪಂಪುಮನೆಗೆ ಬೀಗವೊಂದೇ ಸಾಲದು

ಹೊಲ ತೋಟಗಳಲ್ಲಿ ಆಗುವ ಕಳ್ಳತನದ ಸ್ವರೂಪ ಕೆಲವು ವರ್ಷಗಳಿಂದ ಬದಲಾಗಿದೆ. ಹಿಂದೆ ತೆಂಗಿನಕಾಯಿ, ಬಾಳೆಗೊನೆ, ಮೇವಿನ ಹೊರೆಗಳಿಗೆ ಮಿತವಾಗಿದ್ದ ಕಳವು ಈಗ ಪೇಟೆಯ ಧಾರಣೆ ನೋಡಿಕೊಂಡು ನಡೆಯುತ್ತಿದೆ. 2022ರಲ್ಲಿ ರಾಶಿ ಅಡಿಕೆಯ ಧಾರಣೆ ಕ್ವಿಂಟಲಿಗೆ 50,000 ರೂಪಾಯಿ ದಾಟಿದಾಗ ಅಡಿಕೆ ಒಣಗಿಸುವ ಅಂಗಳಕ್ಕೂ ಕಾವಲು ಬೇಕಾಯಿತು. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿ ಮೀರಿದಾಗ ಹಾಸನ ಜಿಲ್ಲೆಯ ಹಳೇಬೀಡಿನ ಬಳಿ ಹೊಲದಿಂದಲೇ ಫಸಲನ್ನು ಕೊಯ್ದು ಒಯ್ದ ದೂರು ದಾಖಲಾಗಿ ದೇಶದ ಪತ್ರಿಕೆಗಳಲ್ಲೆಲ್ಲ ವರದಿಯಾಯಿತು. ಇವು ಸುದ್ದಿಯಾಗುವ ಕಳವುಗಳು. ಹೆಚ್ಚು ಸುದ್ದಿಯಾಗದೆ, ಅದೇ ಹೊಲದಲ್ಲಿ ಎರಡು ಮೂರು ಸಲ ಮರುಕಳಿಸುವ ಕಳವೊಂದಿದೆ. ಅದು ಪಂಪುಮನೆಯಿಂದ ಕೊಳವೆ ಬಾವಿಗೆ ಹೋಗುವ ತಾಮ್ರದ ಕೇಬಲ್ಲಿನದು.

ಇದಕ್ಕೆ ಮೊದಲ ಕಾರಣ ತಾಮ್ರದ ಬೆಲೆ. ಲಂಡನ್ ಲೋಹ ಪೇಟೆಯಲ್ಲಿ ತಾಮ್ರ 2021ರ ಮೇ ತಿಂಗಳಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. 2024ರ ಮೇ ತಿಂಗಳಲ್ಲಿ 11,000 ಡಾಲರನ್ನೂ ಮೀರಿತು. ವರ್ಷಕ್ಕೆ 4 ಲಕ್ಷ ಟನ್ ಸಾಮರ್ಥ್ಯದ ತೂತ್ತುಕುಡಿ ಕಾರ್ಖಾನೆ 2018ರ ಮೇ ತಿಂಗಳಲ್ಲಿ ಮುಚ್ಚಿದ ಮೇಲೆ, ಸಂಸ್ಕರಿಸಿದ ತಾಮ್ರವನ್ನು ರಫ್ತು ಮಾಡುತ್ತಿದ್ದ ನಮ್ಮ ದೇಶ ಆಮದು ಮಾಡಿಕೊಳ್ಳುವ ದೇಶವಾಯಿತು. ಲಂಡನ್ನಿನ ದರ ತಾಲ್ಲೂಕು ಕೇಂದ್ರದ ಗುಜರಿ ಅಂಗಡಿಯ ತಕ್ಕಡಿಗೆ ತಲಪಲು ಬಹಳ ದಿನ ಬೇಕಾಗುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. ನಾಲ್ಕು ಚದರ ಮಿಲಿಮೀಟರಿನ ಮೂರು ಎಳೆಯ ಚಪ್ಪಟೆ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 107 ಗ್ರಾಂ ತಾಮ್ರವಿರುತ್ತದೆ. ಸ್ಟಾರ್ಟರಿನಿಂದ ಬಾವಿಯ ಬಾಯಿಯವರೆಗೆ 30 ಮೀಟರ್ ಇದ್ದರೆ ಮೂರು ಕಿಲೋಗಿಂತ ತುಸು ಹೆಚ್ಚು. ಸಿಪ್ಪೆ ಸುಟ್ಟ ತಾಮ್ರಕ್ಕೆ ಗುಜರಿಯವನು ಕಿಲೋಗೆ 500 ರೂಪಾಯಿ ಕೊಟ್ಟನೆಂದು ಇಟ್ಟುಕೊಂಡರೂ ಕಳ್ಳನ ಕೈಗೆ ಬರುವುದು 1,600 ರೂಪಾಯಿ. ರೈತನಿಗಾದರೋ ಹೊಸ ಕೇಬಲ್ಲು, ಎಲೆಕ್ಟ್ರಿಷಿಯನ್ನನ ಕೂಲಿ, ಅದಕ್ಕಿಂತ ಮಿಗಿಲಾಗಿ ನೀರು ನಿಂತ ದಿನಗಳು. ಹೂ ಕಟ್ಟುವ ಹೊತ್ತಿನ ಮೆಣಸಿನಗಿಡಕ್ಕೆ ಬೇಸಿಗೆಯಲ್ಲಿ ನಾಲ್ಕು ದಿನ ನೀರು ತಪ್ಪಿದರೆ ಆಗುವ ನಷ್ಟವನ್ನು ಯಾವ ದೂರಿನಲ್ಲೂ ಬರೆಯಲಾಗುವುದಿಲ್ಲ.

ಎರಡನೆಯ ಕಾರಣದ ಬಗೆಗೆ ಚರ್ಚೆ ಕಡಿಮೆ. ಹಳ್ಳಿಯ ಮನೆಗಳ ಲೈನನ್ನೂ ಪಂಪ್‌ಸೆಟ್ಟುಗಳ ಲೈನನ್ನೂ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯಿಂದ ಮನೆಗಳಿಗೆ ನಿಜವಾಗಿಯೂ ಅನುಕೂಲವಾಗಿದೆ. ಆದರೆ ಪಂಪಿನ ಲೈನು ಈಗ ದಿನಕ್ಕೆ ಏಳು ಗಂಟೆಯ ಲೆಕ್ಕದಲ್ಲಿ ಪಾಳಿಯ ಮೇಲೆ ಬರುತ್ತದೆ. ಉಳಿದ ಹೊತ್ತು ಸತ್ತಿರುತ್ತದೆ. ಪಾಳಿಯ ವೇಳಾಪಟ್ಟಿ ಊರಿಗೆಲ್ಲ ಗೊತ್ತು. ಊರಿಗೆ ಗೊತ್ತಿರುವುದು ಕಳ್ಳನಿಗೂ ಗೊತ್ತು. ಕರೆಂಟಿಲ್ಲದ ತಂತಿಯನ್ನು ಕತ್ತರಿಸಲು ಅವನಿಗೆ ಧೈರ್ಯ ಬೇಕಾಗಿಲ್ಲ, ಇಕ್ಕಳವೊಂದಿದ್ದರೆ ಸಾಕು.

ರಾತ್ರಿ ಪಾಳಿ ಬೇಡ, ಹಗಲು ವಿದ್ಯುತ್ ಕೊಡಿ ಎಂಬುದು ರೈತರ ಬಹುಕಾಲದ ಬೇಡಿಕೆ. ಹಾವು ಚೇಳುಗಳ ನಡುವೆ ಕತ್ತಲಲ್ಲಿ ನೀರು ತಿರುಗಿಸಿದವರೆಲ್ಲ ಅದನ್ನು ಒಪ್ಪುತ್ತಾರೆ. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯಡಿ ಫೀಡರುಗಳಿಗೆ ಸೌರಶಕ್ತಿ ಒದಗಿದಂತೆ ಹಗಲು ಪೂರೈಕೆ ಹೆಚ್ಚಬೇಕು, ಅದು ಸ್ವಾಗತಾರ್ಹ. ಆದರೆ ಒಂದನ್ನು ಮರೆಯುವಂತಿಲ್ಲ. ರಾತ್ರಿ ಪಾಳಿಯಿದ್ದಾಗ ತೋಟದಲ್ಲಿ ಒಬ್ಬರಾದರೂ ಟಾರ್ಚ್ ಹಿಡಿದು ಓಡಾಡುತ್ತಿದ್ದರು. ಹಗಲು ಪೂರೈಕೆ ಬಂದ ಕಡೆ ಸಂಜೆಯಿಂದ ಬೆಳಗಿನವರೆಗೆ ತೋಟ ನಿರ್ಜನ, ತಂತಿ ನಿರ್ಜೀವ. ಸೌರ ಪಂಪ್‌ಸೆಟ್ಟು ಹಾಕಿಸಿಕೊಂಡವರು ಫಲಕಗಳನ್ನೂ ಬಯಲಿನಲ್ಲಿಯೇ ಬಿಟ್ಟು ಬರಬೇಕು.

ಪಂಪುಮನೆಯ ದುರ್ಬಲ ಸ್ಥಳಗಳು

ಪಂಪುಮನೆ ಎಂದು ನಾವು ಕರೆಯುವುದು ಬಹುಪಾಲು ಎಂಟಡಿ ಚೌಕದ ಇಟ್ಟಿಗೆ ಗೋಡೆ, ಮೇಲೊಂದು ಶೀಟು, ಒಂದು ತಗಡಿನ ಬಾಗಿಲು. ಮೋಟಾರಿಗೆ ಮಳೆ ತಾಗದಿರಲೆಂದು ಕಟ್ಟಿದ್ದು ಅದು. ಈಗ ಅದರಲ್ಲಿ ಸ್ಟಾರ್ಟರಿನ ಜೊತೆಗೆ ಸಿಂಪಡಣೆ ಯಂತ್ರ, ಹನಿ ನೀರಾವರಿಯ ಸುರುಳಿ, ಗೊಬ್ಬರ, ಔಷಧಿಗಳೂ ಇರುತ್ತವೆ. ರೈತರು ದೊಡ್ಡ ಬೀಗ ತಂದು ಹಾಕುತ್ತಾರೆ. ಆದರೆ ಬೀಗ ಒಡೆಯುವ ಕಳ್ಳರು ಕಡಿಮೆ. ಬೀಗ ಸಿಕ್ಕಿಸಿದ ಚಿಲಕವನ್ನೇ ಕೀಳುವವರು ಹೆಚ್ಚು. ಮರದ ಚೌಕಟ್ಟಿಗೆ ತಿರುಪಿನಿಂದ ಕೂರಿಸಿದ ಚಿಲಕ ಒಂದು ಹಾರೆಕೋಲಿನ ಮೀಟಿಗೆ ಬರುತ್ತದೆ. ಚಿಲಕದ ಪಟ್ಟಿಗೆ ಬಾಗಿಲಿನ ಆಚೀಚೆ ಹಾಯುವ ಬೋಲ್ಟುಗಳನ್ನು ಹಾಕಿಸಿ, ನಟ್ಟು ಒಳಬದಿಗೆ ಬರುವಂತೆ ಬಿಗಿದು, ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ತಟ್ಟಿ ಅಗಲಿಸಬೇಕು. ಬೀಗದ ಮೇಲೆ ಅಗಲವಾದ ಕಬ್ಬಿಣದ ಕೊಳವೆಯ ತುಂಡೊಂದನ್ನು ಬೆಸುಗೆ ಹಾಕಿಸಿದರೆ ಸರಳು ತೂರಿಸಿ ತಿರುಚಲು ಜಾಗ ಸಿಗುವುದಿಲ್ಲ. ಹೊರಕ್ಕೆ ತೆರೆಯುವ ಬಾಗಿಲಾದರೆ ತಿರುಗಣಿಯ ಕಡ್ಡಿ ಹೊರಗೇ ಕಾಣುತ್ತದೆ. ಅದನ್ನು ಕೆಳಗಿನಿಂದ ತಟ್ಟಿ ತೆಗೆದರೆ ಬೀಗ ಹಾಕಿದ ಬಾಗಿಲು ಬೀಗದ ಸಮೇತ ಕೈಗೆ ಬರುತ್ತದೆ. ಕಡ್ಡಿಯ ಎರಡೂ ತುದಿಗೆ ಬೆಸುಗೆಯ ಒಂದೊಂದು ಚುಕ್ಕೆ ಹಾಕಿಸಿದರೆ ಅಲ್ಲಿಗೆ ಮುಗಿಯಿತು.

ಇನ್ನು ಮಾಡು. ಶೀಟನ್ನು ಹಿಡಿದಿರುವ ಕೊಕ್ಕೆ ಬೋಲ್ಟುಗಳ ನಟ್ಟು ಹೊರಗಿರುತ್ತದೆ. ಸ್ಪ್ಯಾನರ್ ಹಿಡಿದ ಇಬ್ಬರು ಸದ್ದಿಲ್ಲದೆ ಒಂದು ಶೀಟು ಎತ್ತಬಲ್ಲರು. ಶೀಟಿನ ಕೆಳಗೆ ಅಡ್ಡ ಉದ್ದ ಸರಳುಗಳ ಜಾಲರಿಯೊಂದನ್ನು ಗೋಡೆಯಲ್ಲಿ ಹುಗಿಸಿದರೆ ಶೀಟು ಎತ್ತಿದವನು ಮೇಲೆಯೇ ಉಳಿಯುತ್ತಾನೆ.

ಇಷ್ಟೆಲ್ಲ ಮಾಡಿದರೂ ಕೇಬಲ್ಲಿನ ಕಳ್ಳ ಬಾಗಿಲಿನ ಹತ್ತಿರವೇ ಹೋಗುವುದಿಲ್ಲ ಎಂಬುದನ್ನು ಗಮನಿಸಬೇಕು. ಗೋಡೆಯಿಂದ ಕೇಬಲ್ಲು ಹೊರಬರುವ ತೂತೇ ಅವನಿಗೆ ಬಾಗಿಲು. ಅಲ್ಲಿ ಕತ್ತರಿಸಿ, ಬಾವಿಯ ಬಾಯಲ್ಲಿ ಇನ್ನೊಮ್ಮೆ ಕತ್ತರಿಸಿ ಸುತ್ತಿಕೊಂಡು ಹೋಗುತ್ತಾನೆ. ಆದ್ದರಿಂದ ತೂತಿನಿಂದ ನೆಲದೊಳಗಿನವರೆಗೆ ಕಬ್ಬಿಣದ ಕೊಳವೆ ಕೂರಿಸಿ, ಕೇಬಲ್ಲನ್ನು ಅದರೊಳಗೆ ಇಳಿಸಿ, ಬಾವಿಯವರೆಗೆ ಎರಡೂವರೆ ಅಡಿ ಆಳದಲ್ಲಿ ಹೂಳುವುದು ಮುಖ್ಯ. ನೇಗಿಲಿಗೂ ಸಿಗದು, ಕಳ್ಳನ ಕಣ್ಣಿಗೂ ಬೀಳದು. ಮೇಲಿನ ಈ ಭಾಗಕ್ಕೆ ತಾಮ್ರವೇ ಬೇಕೆಂದಿಲ್ಲ. ಕಬ್ಬಿಣದ ತಂತಿಯ ಕವಚವಿರುವ ಅಲ್ಯೂಮಿನಿಯಂ ಕೇಬಲ್ಲು ನೆಲದಡಿಗೆ ಒಗ್ಗುತ್ತದೆ. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ಬದಲು ಆರು ಚದರ ಮಿಲಿಮೀಟರಿನದು ಬೇಕಾಗುತ್ತದಾದರೂ ತೂಕ ಅರ್ಧಕ್ಕಿಂತ ಕಡಿಮೆ, ಗುಜರಿ ಬೆಲೆಯಂತೂ ಅಲ್ಪ. ಬಾವಿಯೊಳಗೆ ಇಳಿಯುವುದು ಮಾತ್ರ ತಾಮ್ರದ್ದೇ ಇರಲಿ. ಎರಡೂ ಕೂಡುವ ಕಡೆ ಬರಿಗೈಯಲ್ಲಿ ಸುತ್ತಿ ಟೇಪು ಹಾಕಿದರೆ ಜೋಡಣೆ ಕೊರೆದು ಬಿಸಿಯಾಗಿ ಮೋಟಾರು ಸುಡುತ್ತದೆ. ಎರಡು ಲೋಹದ ಜೋಡಣೆಗೆಂದೇ ಮಾಡಿದ ಲಗ್ಗುಗಳು ಸಿಗುತ್ತವೆ. ಅವನ್ನೇ ಬಳಸಿ, ಕವಚಕ್ಕೆ ಅರ್ಥಿಂಗ್ ಕೊಡಿಸಬೇಕು.

ಮೋಟಾರು, ಸ್ಟಾರ್ಟರುಗಳ ಮೈಮೇಲೆ ಆರ್.ಆರ್. ನಂಬರನ್ನು ಉಳಿಯಿಂದ ಕೆತ್ತಿಸಿಡುವುದು ಒಳ್ಳೆಯದು. ಪೊಲೀಸರು ಮಾಲು ಹಿಡಿದಾಗ ಹತ್ತು ಮೋಟಾರುಗಳಲ್ಲಿ ತನ್ನದು ಯಾವುದೆಂದು ತೋರಿಸಲಾಗದೆ ಬರಿಗೈಲಿ ಮರಳಬೇಕಾಗುವುದಿಲ್ಲ.

ತಂತಿಗೆ ಕರೆಂಟು ಹರಿಸಬೇಡಿ

ಕಳವಿನಿಂದ ರೋಸಿದ ಕೆಲವರು ಬಾಗಿಲಿಗೋ ಸುತ್ತಲಿನ ಬೇಲಿಗೋ ನೇರವಾಗಿ ಕರೆಂಟು ಹರಿಸುವುದುಂಟು. ಇದಕ್ಕೆ ಸಿಟ್ಟು ಕಾರಣವಿರಬಹುದು, ಆದರೆ ಸಮರ್ಥನೆಯಿಲ್ಲ. ಲೈನು ಬರುವ ಹೊತ್ತು ಕಳ್ಳನಿಗೆ ಗೊತ್ತಿದೆ ಎಂದು ಮೇಲೆಯೇ ಹೇಳಿದೆ. ಬಾಗಿಲು ಮುಟ್ಟುವವರು ಕೂಲಿಗೆ ಬಂದ ಹೆಂಗಸು, ನೀರು ಕುಡಿಯಲು ಬಂದ ಹುಡುಗ, ದಾರಿ ತಪ್ಪಿದ ದನ. ಸಾವಾದರೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪಕ್ಕಿಂತ ಕಡಿಮೆಯದೇನೂ ಬರಲಾರದು. ಅದಕ್ಕೇ ಐದು ವರ್ಷದವರೆಗೆ ಸಜೆಯಿದೆ.

ದೂರು ಕೊಡುವಾಗ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರೈತರು ತಿಳಿದಿರಬೇಕಾದ ಒಂದು ವ್ಯತ್ಯಾಸವಿದೆ. 303ನೇ ಕಲಮಿನ ಪ್ರಕಾರ ಸಾಧಾರಣ ಕಳವಿಗೆ ಮೂರು ವರ್ಷದವರೆಗೆ ಸಜೆ. ಆದರೆ ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲದ ಅಪರಾಧಿ ಅದನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇಂಥ ಸಣ್ಣ ಮೊತ್ತದ ಕಳವು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಪ್ರಕರಣಗಳ ಪಟ್ಟಿಗೂ ಸೇರಿದೆ. ಕೇಬಲ್ಲಿನ ತುಂಡಿನ ಬೆಲೆ ಈ ಗೆರೆಯ ಆಚೆಯೋ ಈಚೆಯೋ ಎಂಬುದು ಆದ್ದರಿಂದ ಸಣ್ಣ ಮಾತಲ್ಲ. ಗುಜರಿಯ ಲೆಕ್ಕದಲ್ಲಿ ಅದು 1,600 ರೂಪಾಯಿ. ಅಂಗಡಿಯ ಬಿಲ್ಲಿನ ಲೆಕ್ಕ ಬೇರೆ. ಬಿಲ್ಲನ್ನು ಪಂಪುಮನೆಯಲ್ಲಿ ಇಲಿಗಳಿಗೆ ಬಿಡದೆ ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡವನು ಠಾಣೆಯಲ್ಲಿ ಅದನ್ನು ಮುಂದಿಡಬಹುದು.

ಅದೇ ಕಳವು ಕಟ್ಟಡದೊಳಗೆ ಆದರೆ ವಿಷಯ ಬೇರೆಯಾಗುತ್ತದೆ. ಸ್ವತ್ತನ್ನು ಕಾಪಾಡಿಡಲು ಬಳಸುವ ಕಟ್ಟಡದಿಂದ ಕದ್ದರೆ 305ನೇ ಕಲಮು. ಸಜೆ ಏಳು ವರ್ಷದವರೆಗೆ, 5,000 ರೂಪಾಯಿಯ ಮಾತೇ ಅಲ್ಲಿಲ್ಲ. ಸ್ಟಾರ್ಟರು ಹಾಗೂ ಕೇಬಲ್ಲಿನ ಒಳಭಾಗ ಪಂಪುಮನೆಯೊಳಗಿನಿಂದ ಹೋಗಿದ್ದರೆ ದೂರಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು. 'ಹೊಲದಲ್ಲಿದ್ದ ವೈರು ಕಳುವಾಗಿದೆ' ಎಂಬ ಒಂದೇ ಸಾಲು ಸಾಲದು. ವಿದ್ಯುತ್ ಕಾಯ್ದೆ 2003ರ 136ನೇ ಕಲಮೂ ತಂತಿ, ವಿದ್ಯುತ್ ಸಾಮಗ್ರಿಗಳ ಕಳವಿಗೆ ಅನ್ವಯಿಸುತ್ತದೆ. ಕದ್ದ ಮಾಲೆಂದು ತಿಳಿದೂ ಕೊಳ್ಳುವವನಿಗೆ 317ನೇ ಕಲಮಿನಲ್ಲಿ ಮೂರು ವರ್ಷ. ಅದನ್ನೇ ಕಸುಬು ಮಾಡಿಕೊಂಡವನಿಗೆ ಜೀವಾವಧಿಯವರೆಗೂ ಇದೆ. ಸುಟ್ಟ ತಾಮ್ರ ಎಲ್ಲಿ ಮಾರಾಟವಾಗುತ್ತಿದೆ ಎಂಬುದನ್ನು ಹುಡುಕದೆ ಹೊಲಗಳಲ್ಲಿ ಗಸ್ತು ತಿರುಗುವುದರಿಂದ ಫಲ ಕಡಿಮೆ. ಗ್ರಾಮ ಸಭೆಗಳಲ್ಲಿ ಬೀಟ್ ಪೊಲೀಸರ ಮುಂದೆ ಈ ಪ್ರಶ್ನೆಯನ್ನೇ ಮೊದಲು ಇಡಬಹುದು.

ಕಳವು ಕಂಡ ಕೂಡಲೆ 112ಕ್ಕೆ ಫೋನ್ ಮಾಡಬಹುದು. ಹೊಲ ಬೇರೆ ಠಾಣೆಯ ಸರಹದ್ದಿಗೆ ಸೇರಿದ್ದರೂ ಹತ್ತಿರದ ಠಾಣೆ ದೂರು ಪಡೆಯಬೇಕು. ಮಿಂಚಂಚೆಯಂಥ ಮಾರ್ಗದಿಂದ ಕೊಟ್ಟ ದೂರಿಗೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕಾಗುತ್ತದೆ. ಎಫ್‌ಐಆರ್ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡತಕ್ಕದ್ದು.